ಉಣಿಸಿದೆ ಎನ್ನಬೇಡ ಎಂದ ಅಕ್ಕೋರು

ಅಕ್ಕೋರು ತೀರಿಕೊಂಡ ಸುದ್ದಿಯನ್ನು ನನಗೆ ಮುಟ್ಟಿಸಿದವಳು ಕಾಶಿಬಾಯಿ. ಸಿಂದಗಿಯ ವೃದ್ಧಾಶ್ರಮದಲ್ಲಿ ನಾನು ಮೇಲ್ವಿಚಾರಕಿಯಾಗಿದ್ದಾಗ ಅವಳು ಅಲ್ಲಿ ಆಯಾ. ಫೋನಿನಲ್ಲಿ ಯಾವತ್ತೂ ಕೂಗಿಯೇ ಮಾತಾಡುವವಳು. ದೂರದಲ್ಲಿರುವವರಿಗೆ ಕೂಗದೆ ಹೇಗೆ ಕೇಳಿಸೀತು ಎಂಬುದು ಅವಳ ವಾದ. ಆ ದಿನ ಮಾತ್ರ ಮೆಲ್ಲಗೆ, “ಅಕ್ಕೋರು ಹೋದ್ರಂತರಿ. ಇಂಡ್ಯಾಗ. ನಿನ್ನಿನ ಎಲ್ಲಾ ಮುಗದೈತಂತ,” ಎಂದಳು. ನಾನು ನಿಡಗುಂದಿಯ ಶಾಲೆಯಲ್ಲಿ ಹಾಜರಿ ಪುಸ್ತಕ ಕೈಯಲ್ಲಿ ಹಿಡಿದು ನಿಂತಿದ್ದೆ. ಗಂಟೆ ಹೊಡೆಯಿತು. ತರಗತಿಗೆ ಹೋಗಿ ಪಾಠವನ್ನೂ ಮಾಡಿದೆ. ಏನು ಮಾಡಿದೆನೋ ಆ ಮಕ್ಕಳನ್ನೇ ಕೇಳಬೇಕು.

ಹೆಸರು ಬರೆಯುವುದಿಲ್ಲ. ನಾವ್ಯಾರೂ ಅವರನ್ನು ಹೆಸರು ಹಿಡಿದು ಕರೆದವರಲ್ಲ, ಈಗ ಬರೆದರೆ ಬೇರೆ ಯಾರದೋ ಸುದ್ದಿ ಬರೆದಂತಾಗುತ್ತದೆ. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸಿಗೆ ಅಕ್ಕೋರು ಎನ್ನುತ್ತಾರೆ. ಇವರು ಶಾಲೆಯವರಲ್ಲ, ಸರಕಾರಿ ದವಾಖಾನೆಯಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು. ನಮ್ಮ ಆಯಾಗಳಿಗೆ ಕಲಿಸಲೆಂದು ಬಂದ ಮೊದಲ ದಿನ ಕಾಶಿಬಾಯಿ ಎದ್ದು ನಿಂತು, ಸಣ್ಣ ಹುಡುಗಿಯ ಹಾಗೆ ಕೈಕಟ್ಟಿ, “ನಮಸ್ಕಾರ್ರಿ ಅಕ್ಕೋರ,” ಎಂದುಬಿಟ್ಟಳು. ಅಂದಿನಿಂದ ಅವರು ಅಕ್ಕೋರೇ.

ಕುಳ್ಳಗಿದ್ದರು. ಎಷ್ಟು ಕುಳ್ಳಗೆಂದರೆ ಮಂಚದ ಮೇಲೆ ಕೂತ ಮುದುಕರ ಕಣ್ಣಿಗೆ ಅವರ ಕಣ್ಣು ಸರಿಸಮ ಬರುತ್ತಿತ್ತು. “ದೇವರು ನನ್ನ ಈ ಕೆಲಸಕ್ಕಂತನ ಅಳತಿ ತಗೊಂಡು ಮಾಡ್ಯಾನ,” ಎಂದು ಅದನ್ನೇ ಹೆಚ್ಚುಗಾರಿಕೆ ಮಾಡಿಕೊಳ್ಳುತ್ತಿದ್ದರು. ದಪ್ಪ ಗಾಜಿನ ಕನ್ನಡಕ, ಇಳಕಲ್ ಸೀರೆ, ಕೈಯಲ್ಲೊಂದು ಹಸಿರು ವಾಯರಿನ ಚೀಲ. ಸೋಮವಾರ ಮತ್ತು ಗುರುವಾರ ಇಂಡಿಯಿಂದ ಬೆಳಗಿನ ಬಸ್ಸಿಗೆ ಬರುತ್ತಿದ್ದರು. ಬಸ್ಸು ತಡವಾಗದ ದಿನವೇ ಇಲ್ಲ, ಅವರು ಬೈಯದ ದಿನವೂ ಇಲ್ಲ. ಗೇಟಿನಿಂದಲೇ ಡ್ರೈವರನ ಹುಟ್ಟನ್ನು ಜಾಲಾಡುತ್ತಾ ಬಂದು, ಪಡಸಾಲೆಯ ಹೊಸ್ತಿಲು ದಾಟುತ್ತಿದ್ದಂತೆ ದನಿ ಬದಲಿಸಿ, “ಏನ್ರೀ ಕಾಕಾ, ಆರಾಮದೀರೇನು?” ಎಂದು ಕೇಳುವರು. ಆ ಹೊಸ್ತಿಲಲ್ಲಿ ಏನಿತ್ತೋ ನನಗೆ ಇವತ್ತಿಗೂ ತಿಳಿದಿಲ್ಲ.

ಇಂಡಿಯ ಒಂದು ವೈಷ್ಣವ ಮನೆತನಕ್ಕೆ ಸೊಸೆಯಾಗಿ ಬಂದವರು. ಮನೆಯೊಳಗೆ ಅರ್ಧ ಮರಾಠಿ, ಅರ್ಧ ಕನ್ನಡ. ನಾವೆಲ್ಲ ‘ಐತಿ’ ಎಂದರೆ ಅವರದು ‘ಅದ’. ನಿವೃತ್ತಿಯಾದ ಮೇಲೆ ತಮ್ಮ ಖರ್ಚಿನಲ್ಲೇ ಪುಣೆಗೆ ಹೋಗಿ, ತಂಗಿಯ ಮನೆಯಲ್ಲಿ ಒಂದು ತಿಂಗಳಿದ್ದು, ಮರೆವಿನ ಕಾಯಿಲೆಯವರನ್ನು ನೋಡಿಕೊಳ್ಳುವ ಬಗೆಯನ್ನು ಕಲಿತು ಬಂದಿದ್ದರು. ಡಿಮೆನ್ಶಿಯಾ ಎಂಬ ಶಬ್ದವನ್ನು ಸಿಂದಗಿಯಲ್ಲಿ ನಾನು ಮೊದಲು ಕೇಳಿದ್ದು ಅವರ ಬಾಯಲ್ಲೇ. ಅದು ತೊಂಬತ್ತರ ದಶಕದ ಕೊನೆ. ನಮ್ಮಲ್ಲಿ ಡಾಕ್ಟರುಗಳೂ ಅದಕ್ಕೆ ಅರಳು ಮರಳು ಎಂದು ಹೇಳಿ ಟಾನಿಕ್ ಬರೆದು ಕೊಟ್ಟು ಕಳಿಸುತ್ತಿದ್ದ ಕಾಲ. ಅವರ ನೋಟ್‌ಬುಕ್ಕಿನ ತುಂಬ ಮರಾಠಿ. ಓದಿ, ಕಣ್ಣು ಮುಚ್ಚಿ, ಮನಸ್ಸಿನಲ್ಲೇ ಕನ್ನಡ ಮಾಡಿಕೊಂಡು ಹೇಳುವರು. ಆ ಕಣ್ಣು ಮುಚ್ಚುವಿಕೆಯನ್ನು ನಮ್ಮ ಆಯಾಗಳು ನಿದ್ದೆಯೆಂದು ತಿಳಿದು ಮೊದಲ ವಾರ ಬಾಯಿಗೆ ಸೆರಗು ಹಿಡಿದು ನಕ್ಕರು.

ಇನ್ನು ನನ್ನ ವಿಷಯ ಹೇಳಬೇಕು, ಹೇಳದಿದ್ದರೆ ಅವರ ವಿಷಯ ಅರ್ಥವಾಗದು. ನಾನು ಆಶ್ರಮ ಸೇರಿದ್ದು ಸೇವೆಯ ಹುಚ್ಚಿಗಲ್ಲ. ಬಸವನ ಬಾಗೇವಾಡಿಯ ಕಾಲೇಜಿನಲ್ಲಿ ಕನ್ನಡ ಐಚ್ಛಿಕ ತೆಗೆದುಕೊಂಡು ಬಿ.ಎ. ಮುಗಿಸಿ, ಬಿ.ಇಡಿಯನ್ನೂ ಮಾಡಿ, ಶಿಕ್ಷಕಿಯ ನೌಕರಿಗೆ ಅರ್ಜಿ ಹಾಕುತ್ತಾ ಕೂತಿದ್ದೆ. ಅಪ್ಪ ತೀರಿದ ಮೇಲೆ ಅವ್ವನ ನೆನಪು ಹೋಗತೊಡಗಿತು. ಒಲೆಯ ಮೇಲೆ ಹಾಲಿಟ್ಟು ಮರೆಯುವಳು. ತಂಗಡಗಿಯ ನಮ್ಮ ಮನೆಯಿಂದ ಹೊಳೆಗೆ ನೀರಿಗೆಂದು ಹೊರಟು ದಾರಿಯಲ್ಲೇ ನಿಂತುಬಿಡುವಳು. ಅಂಥ ಹೊತ್ತಿನಲ್ಲಿ ಈ ಆಶ್ರಮದವರು ಅಲ್ಲೇ ಉಳಿದು ನೋಡಿಕೊಳ್ಳುವ ಓದಿದ ಹೆಂಗಸು ಬೇಕೆಂದಿದ್ದರು. ಅವ್ವನನ್ನೂ ಇಟ್ಟುಕೊಂಡರೆ ಬರುತ್ತೇನೆ ಎಂದೆ. ಸಂಸ್ಥೆಯ ಅಧ್ಯಕ್ಷರು ಕಾಳುಕಡಿಯ ವ್ಯಾಪಾರಿ, ಎಲ್ಲರೂ ಸಾವ್ಕಾರ್ರು ಎನ್ನುತ್ತಿದ್ದರು. ಅವರು ಒಪ್ಪಿದರು, ಆದರೆ ಅವರದೂ ಒಂದು ಷರತ್ತು. ಆಶ್ರಮದೊಳಗೆ ಅವಳು ನನ್ನ ತಾಯಿ ಎಂಬ ಹೆಚ್ಚುಗಾರಿಕೆ ಇರಕೂಡದು, ಉಳಿದವರ ಹಾಗೆ ಅವಳೂ ಒಬ್ಬಳು. ಅಲ್ಲಿ ಎಲ್ಲರನ್ನೂ ಊರಿನಿಂದ ಕರೆಯುವ ರೂಢಿ: ಮುಳವಾಡದ ಅಜ್ಜ, ಆಲಮೇಲದ ಕಾಕಾ. ಹಾಗೆ ನನ್ನವ್ವ ತಂಗಡಗಿ ಅವ್ವ ಆದಳು.

ಅಕ್ಕೋರು ಬಂದ ಎರಡನೆಯ ವಾರ ನಮ್ಮ ವರದಿ ಪುಸ್ತಕ ತರಿಸಿಕೊಂಡರು. ಸರದಿ ಬದಲಾಗುವಾಗ ಬರೆದಿಡುವ ಪುಸ್ತಕ. ಬರೆಯುವವಳು ನಾನೇ, ಅಕ್ಷರ ದುಂಡಗಿತ್ತು, ಅದರ ಗರ್ವವೂ ಸಾಕಷ್ಟಿತ್ತು. “ಎಲ್ಲರನ್ನೂ ಎಬ್ಬಿಸಲಾಯಿತು. ಜಳಕ ಮಾಡಿಸಲಾಯಿತು. ಉಡಿಸಲಾಯಿತು. ಉಣಿಸಲಾಯಿತು. ಮಲಗಿಸಲಾಯಿತು.” ಎರಡು ಪುಟ ಓದಿ ಕನ್ನಡಕ ತೆಗೆದರು.

“ಭಾಳ ಛಂದ ಬರದೀ. ಇದರಾಗ ಮನಷ್ಯಾರು ಎಲ್ಲಿದ್ದಾರವಾ?”

“ಎಲ್ಲಾರೂ ಅದಾರಲ್ರಿ.”

“ಎಬ್ಬಿಸಿದಾಕಿ ನೀನು, ಉಡಿಸಿದಾಕಿ ನೀನು, ಉಣಿಸಿದಾಕಿ ನೀನು. ಅವರು ಏನು ಮಾಡಿದ್ರು? ಉಣಸೇನಿ ಅಂತೀ. ಅವರು ಉಂಡ್ರೇನು?”

ಪ್ರೇರಣಾರ್ಥಕ ಕ್ರಿಯಾಪದ ಎಂದರೇನು, ಉದಾಹರಣೆ ಸಹಿತ ವಿವರಿಸಿ ಎಂಬ ಪ್ರಶ್ನೆಗೆ ನಾನು ಕಾಲೇಜಿನಲ್ಲಿ ಪೂರ್ತಿ ಅಂಕ ಪಡೆದವಳು. ಮಾಡು, ಮಾಡಿಸು, ಉಣ್ಣು, ಉಣಿಸು. ಆ ‘ಇಸು’ ಒಬ್ಬ ಮನುಷ್ಯನನ್ನು ವಾಕ್ಯದಿಂದ ಹೊರಗೆ ಹಾಕಬಲ್ಲದು ಎಂದು ಯಾವ ಮಾಸ್ತರರೂ ಹೇಳಿರಲಿಲ್ಲ. “ಮರಾಠ್ಯಾಗೂ ಇದ ಹಣೆಬರಹ,” ಎಂದರು ಅಕ್ಕೋರು. “ಅಲ್ಲೆ ಊಟಾ ‘ಘಾಲ’ ಅಂತಾರ, ಜಳಕಾ ‘ಘಾಲ’ ಅಂತಾರ. ಘಾಲ ಅಂದ್ರ ಹಾಕೂದು. ದನಕ್ಕ ಮೇವು ಹಾಕಿದಂಗ. ನಾಳಿಂದ ನಿಮ್ಮ ಯಾರ ಬಾಯಾಗೂ ‘ಇಸು’ ಬರಬಾರದು.”

ಅದೇ ಅವರ ತರಬೇತಿ ಎಂದರೆ ತಪ್ಪಲ್ಲ. ಪುಣೆಯ ನೋಟ್‌ಬುಕ್ಕಿನಲ್ಲಿ ಏನೇನೋ ಇತ್ತು, ಚಿತ್ರಗಳಿದ್ದವು, ಬಾಣದ ಗುರುತುಗಳಿದ್ದವು. ಅವೆಲ್ಲ ಎರಡೇ ವಾರಕ್ಕೆ ಚೀಲದ ತಳ ಸೇರಿದವು. ‘ಜಳಕಾ ಮಾಡಸ್ತೀನಿ ಬಾ’ ಎನ್ನಬಾರದು, ‘ಜಳಕಾ ಮಾಡೂಣ್ರಿ?’ ಎನ್ನಬೇಕು. ‘ಉಣಸ್ತೀನಿ’ ಅಲ್ಲ, ‘ಉಣ್ಣೂಣು’. ‘ಎಬ್ಬಸ್ತೀನಿ’ ಅಲ್ಲ, ‘ಏಳೂಣು’. ಬರೀ ಬಾಯಿಮಾತು ಎಂದುಕೊಂಡಿದ್ದೆವು. ಆಡಿ ನೋಡಿದಾಗ ಗೊತ್ತಾಯಿತು, ‘ಏಳೂಣು’ ಎಂದ ಮೇಲೆ ಎದುರಿನವರು ಏಳುವ ತನಕ ನಾವೂ ಬಗ್ಗಿ ನಿಂತಿರಬೇಕಾಗುತ್ತದೆ. ಕೈಹಿಡಿದು ಎಳೆಯುವ ಹಾಗಿಲ್ಲ. ಜಳಕ ಎಂದೊಡನೆ ಕಿರುಚುತ್ತಿದ್ದ ಒಬ್ಬ ಅಜ್ಜಿ ಒಂದು ತಿಂಗಳಿಗೆ ಕಿರುಚುವುದು ಬಿಟ್ಟಳು. ಸತ್ತವರಿಗೆ ಮಾತ್ರ ಜಳಕ ಮಾಡಿಸುವುದು, ತಾನಿನ್ನೂ ಸತ್ತಿಲ್ಲ ಎಂಬುದೇ ಆ ಕಿರುಚಾಟದ ಅರ್ಥವಿದ್ದೀತು ಎಂದರು ಅಕ್ಕೋರು. ಇತ್ತೋ ಇಲ್ಲವೋ, ನಮಗಂತೂ ಮೈ ಜುಮ್ಮೆಂದಿತು.

ಬಾಯಿ ತಪ್ಪಿದವರಿಗೆ ಶಿಕ್ಷೆಯೂ ಇತ್ತು. ಕಾಶಿಬಾಯಿ ದಿನಕ್ಕೆ ಹತ್ತು ಸಲ ತಪ್ಪುತ್ತಿದ್ದಳು. ಒಮ್ಮೆ ಅವಳನ್ನೇ ಮಂಚದ ಮೇಲೆ ಮಲಗಲು ಹೇಳಿ, ಹೇಳದೆ ಕೇಳದೆ ಮಗ್ಗುಲು ಹೊರಳಿಸಿ, ಸೀರೆ ಸರಿಪಡಿಸಿ, ತಲೆ ಎತ್ತಿ, ಬಾಯಿಗೆ ಒಂದು ಚಮಚ ನೀರು ಬಿಟ್ಟರು. ಕಾಶಿಬಾಯಿ ಧಡಕ್ಕನೆ ಎದ್ದು ಕೂತು, “ಏನ್ರಿ ಅಕ್ಕೋರ, ನಾ ಏನ್ ಸಾಮಾನೇನ್ರಿ?” ಎಂದಳು. “ಹಾಂ,” ಎಂದು ಅಕ್ಕೋರು ಕೈತಟ್ಟಿದರು, “ಇವತ್ತಿನ ಪಾಠ ಮುಗೀತು. ಚಹಾ ತಗೊಂಬಾ.”

ಅವರೇನು ದೇವತೆಯಲ್ಲ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ತಪ್ಪನ್ನೂ ಮಾಡುತ್ತಿದ್ದರು, ಅದೂ ದೊಡ್ಡದಾಗಿ. ಪ್ರತಿಯೊಬ್ಬರ ಹಿಂದಿನ ಜೀವನ ತಿಳಿದುಕೊಳ್ಳಬೇಕು, ಆಗ ಮಾತಿಗೆ ದಾರಿ ಸಿಗುತ್ತದೆ ಎನ್ನುವುದು ಅವರ ಇನ್ನೊಂದು ಪಾಠ. ಮುಳವಾಡದ ಅಜ್ಜ ಪ್ರಾಯದಲ್ಲಿ ಪೈಲ್ವಾನನಿದ್ದ ಎಂದು ಯಾರೋ ಹೇಳಿದ್ದೇ ತಡ, ಬಂದಾಗಲೆಲ್ಲ ಗರಡಿಮನೆಯ ಮಾತು, ಕುಸ್ತಿಯ ಮಾತು. ತೋಳು ಹಿಚುಕಿ ನೋಡಿ, “ಇನ್ನೂ ಕಸುವು ಅದ ನೋಡ್ರಿ,” ಎನ್ನುವರು. ಅಜ್ಜನೂ ಎದೆಯುಬ್ಬಿಸಿ ಕೂರುತ್ತಿದ್ದ. ಮೂರು ವಾರ ಕಳೆದ ಮೇಲೆ ಅವನ ಅಳಿಯ ಬಂದು, ಪೈಲ್ವಾನನಾಗಿದ್ದವನು ಇವನ ತಮ್ಮ, ಇವನು ಟೇಲರ್ ಎಂದ. ಅಕ್ಕೋರ ಮುಖ ಸಣ್ಣದಾಯಿತು. ಆಮೇಲೆ ನಕ್ಕರು, ಕಣ್ಣಲ್ಲಿ ನೀರು ಬರುವ ಹಾಗೆ. “ಹೋಗ್ಲಿ ಬಿಡ್ರಿ, ಮೂರು ವಾರ ಪೈಲ್ವಾನ್ ಆಗಿದ್ರು. ಯಾರಿಗೆ ಬರ್ತದ ಆ ಭಾಗ್ಯ?” ಎಂದರು. ಮುಂದಿನ ಸಲ ಬಂದಾಗ ಅಜ್ಜನ ಕೈಗೊಂದು ಬಟ್ಟೆಯ ತುಂಡು ಕೊಟ್ಟರೆ ಅವನು ಅದನ್ನು ಬದಿಗಿಟ್ಟು ತೋಳು ಮುಂದೆ ಚಾಚಿದ.

ಇದೆಲ್ಲ ಚೆಂದ. ನಾನು ಎಲ್ಲರೊಡನೆಯೂ ‘ಉಣ್ಣೂಣು, ಏಳೂಣು’ ಎಂದು ಕಲಿತೆ. ಒಬ್ಬರ ಹತ್ತಿರ ಮಾತ್ರ ಅದು ನನ್ನ ನಾಲಗೆಗೆ ಬರಲೇ ಇಲ್ಲ. ಅದು ನನ್ನವ್ವ.

ಎರಡನೆಯ ವರ್ಷದ ಬೇಸಿಗೆಯಲ್ಲಿ ಅವ್ವ ಊಟ ಬಿಡುತ್ತಾ ಬಂದಳು. ತಾಟು ಮುಂದಿಟ್ಟರೆ ದೂಡುವಳು. ತುತ್ತು ಬಾಯಿಗಿಟ್ಟರೆ ಹಲ್ಲು ಕಚ್ಚುವಳು. ಬೇರೆಯವರು ಕೊಟ್ಟರೆ ನಾಲ್ಕು ತುತ್ತಾದರೂ ಹೋಗುತ್ತಿತ್ತು, ನಾನು ಎದುರಿಗೆ ಕೂತರೆ ಅದೂ ಇಲ್ಲ. ಅದೊಂದು ಹಟವೇ ಆಯಿತು ನನಗೆ. ಅವಳೆದುರು ಕೂತು ಗದ್ದ ಹಿಡಿದು, “ನಾ ಯಾರು ಹೇಳು? ನನ್ನ ಹೆಸರೇನು? ನೋಡಿಲ್ಲಿ, ನಾ ಯಾರು?” ಎಂದು ದಿನಾ ಕೇಳುತ್ತಿದ್ದೆ. ಒಂದು ದಿನ ಸಿಸ್ಟರ್ ಎಂದಳು. ಇನ್ನೊಂದು ದಿನ, “ನೀವು ಯಾರ ಪೈಕಿರಿ?” ಎಂದು ಕೇಳಿದಳು. ಹೆತ್ತ ಮಗಳನ್ನು ಯಾರ ಪೈಕಿ ಎಂದು ಕೇಳಿದರೆ ಹೇಗಿರುತ್ತದೆ? ನಾನು ಗದ್ದ ಬಿಗಿಯಾಗಿ ಹಿಡಿದು ಅನ್ನ ತುರುಕಿದೆ. ಅವಳು ನನ್ನ ಸೀರೆಯ ಮೇಲೆ ಉಗುಳಿದಳು. ತಲೆಯೆತ್ತಿದರೆ ಬಾಗಿಲಲ್ಲಿ ಅಕ್ಕೋರು.

ಬೈಯಲಿಲ್ಲ. ಹತ್ತಿರ ಬಂದು ನನ್ನ ಕೈಯಿಂದ ತಾಟು ತೆಗೆದುಕೊಂಡರು. ಅವ್ವನ ಬಾಯಿ ಒರೆಸಿದರು. ನನ್ನನ್ನು ಹೊರಗೆ ಕರೆದುಕೊಂಡು ಹೋಗಿ ಬೇವಿನ ಗಿಡದ ಕೆಳಗೆ ಕೂತರು.

“ದಿವಸಾ ಪರೀಕ್ಷಾ ಇಡ್ಲಿಕ್ಕತ್ತೀ ನೋಡು ಆಕೀಗೆ. ದಿವಸಾ ಫೇಲ್ ಮಾಡ್ಲಿಕ್ಕತ್ತೀ. ಫೇಲ್ ಆದಾಕಿಗೆ ಗಂಟಲದಾಗ ತುತ್ತು ಇಳೀತದೇನು?”

“ನಮ್ಮವ್ವರಿ ಆಕಿ,” ಎಂದೆ. ಅಳು ಬಂದಿತ್ತು, ಸಿಟ್ಟೂ ಬಂದಿತ್ತು. “ನಾ ಯಾರಂತ ಒಮ್ಮೆರ ಅನ್ಲಿ. ಅಷ್ಟ ಸಾಕ್ರಿ ನನಗ.”

“ಅದು ನಿನಗ ಬೇಕಾಗಿದ್ದು. ಆಕೀಗೆ ಏನು ಬೇಕಾಗ್ಯದ?”

ಆ ದಿನದಿಂದ ಅವ್ವನ ಊಟದ ಹೊತ್ತಿಗೆ ನಾನು ಆ ಕಡೆ ಹಾಯಬಾರದು ಎಂದರು. ಮುಂದೆ ಅವರು ಬಂದ ಎರಡು ದಿನ ನಾನು ಅವರೊಡನೆ ಮಾತು ಬಿಟ್ಟೆ. ಅವ್ವನೋ ದಿನದಿಂದ ದಿನಕ್ಕೆ ಇಳಿಯುತ್ತಿದ್ದಳು, ರವಿಕೆಯ ತೋಳು ಜೋಲಾಡುತ್ತಿತ್ತು. ಸಾವ್ಕಾರ್ರು ಬಂದು ನೋಡಿ, “ಇದು ಆಗೂದಲ್ಲ. ಇನ್ನೊಂದು ವಾರ ನೋಡ್ರಿ. ಆಮ್ಯಾಲ ಬಿಜಾಪುರದ ದವಾಖಾನಿಗೆ ಹಾಕೂಣು, ಮೂಗಿನಾಗ ನಳಿಗಿ ಇಡ್ತಾರ. ನಾಳಿ ಏನರ ಆದ್ರ ನಮ್ಮ ಮ್ಯಾಲ ಬರತೈತಿ,” ಎಂದು ಹೋದರು. ಮೂಗಿನಲ್ಲಿ ನಳಿಗೆ ಹಾಕಿದರೆ ಅವ್ವ ಅದನ್ನು ಕಿತ್ತುಕೊಳ್ಳುತ್ತಾಳೆ, ಕೈ ಕಟ್ಟಿಹಾಕುತ್ತಾರೆ. ಅಂಥದ್ದನ್ನು ನಾನು ನೋಡಿದ್ದೆ. ಹೋಗಿ ಅಕ್ಕೋರ ಎದುರು ನಿಂತೆ.

ಅವರು ಕೇಳಿದ್ದು ಒಂದೇ ಪ್ರಶ್ನೆ. “ಮನ್ಯಾಗ ನಿಮ್ಮವ್ವ ಯಾವಾಗ ಉಣ್ತಿದ್ರು? ಯಾರ ಜೋಡಿ ಕೂಡ್ತಿದ್ರು?”

ಹೇಳಲು ಬಾಯಿ ತೆರೆದೆ. ಅಪ್ಪ ಉಣ್ಣುವುದು ಕಣ್ಣಮುಂದೆ ಬಂತು, ಕಣ ಮಾಡುವಾಗ ಆಳುಮಕ್ಕಳು ಸಾಲಾಗಿ ಕೂತು ಉಣ್ಣುವುದು ಬಂತು, ಬಂದ ಬೀಗರು ಬಂದರು. ಎಲ್ಲರ ಹಿಂದೆ ರೊಟ್ಟಿಯ ಬುಟ್ಟಿ ಹಿಡಿದು ಬಾಗಿದ ಅವ್ವ. ಅವಳ ಮುಂದೆ ತಾಟು ಇದ್ದದ್ದು ಎಷ್ಟು ನೆನೆದರೂ ಬರಲಿಲ್ಲ. ಇಪ್ಪತ್ತಾರು ವರ್ಷ ಅವಳ ಕೈಯಲ್ಲಿ ಉಂಡಿದ್ದೆ, ಅವಳು ಉಣ್ಣುವುದನ್ನು ಒಮ್ಮೆಯೂ ನೋಡಿರಲಿಲ್ಲ.

“ಗೊತ್ತಿಲ್ರಿ,” ಎಂದೆ.

ಅಕ್ಕೋರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು, ಮತ್ತೆ ಒರೆಸಿದರು. ಆಮೇಲೆ ಕಾಶಿಬಾಯಿಯನ್ನು ಕರೆದು, ತಾಟು ದೂಡುವಾಗ ಅವ್ವ ಏನಾದರೂ ಅನ್ನುತ್ತಾಳೆಯೇ ಎಂದು ಕೇಳಿದರು.

“ಏನೈತ್ರಿ ಅದರಾಗ,” ಎಂದಳು ಕಾಶಿಬಾಯಿ. “ಬರೇ ‘ಮಂದಿ ಉಂಡಿಲ್ಲ, ಮಂದಿ ಉಂಡಿಲ್ಲ’ ಅಂತಾಳ್ರಿ. ಹುಚ್ಚ ಮಾತು.”

ಅಕ್ಕೋರು ಎದ್ದು ನಿಂತರು. ನಮ್ಮಲ್ಲಿ ಕೆಲಸದವರು ಮುದುಕರ ಜೊತೆ ಉಣ್ಣುವ ಹಾಗಿರಲಿಲ್ಲ. ಅವರದೆಲ್ಲ ಮುಗಿದ ಮೇಲೆ, ಎರಡು ಗಂಟೆಗೆ, ಅಡಿಗೆಮನೆಯಲ್ಲಿ ನಮ್ಮ ಊಟ. ಅದು ಸಾವ್ಕಾರ್ರು ಮಾಡಿದ ನೇಮ, ಗೋಡೆಯ ಮೇಲೆ ಬರೆದು ಹಾಕಿದ್ದರು. ಸೋಮವಾರ, ಗುರುವಾರ ಎನ್ನದೆ ಆ ವಾರ ಅಕ್ಕೋರು ದಿನಾ ಬಂದರು. ಮರುದಿನ ಮಧ್ಯಾಹ್ನ ಆ ಬರಹದ ಕೆಳಗೇ ಚಾಪೆ ಹಾಸಿದರು. ಆಯಾಗಳು, ಅಡಿಗೆಯವಳು, ಕಸ ಹೊಡೆಯುವವಳು, ನಾನು, ಎಲ್ಲರನ್ನೂ ಸಾಲಾಗಿ ಕೂಡ್ರಿಸಿದರು. (ಅವರೂ ಒಮ್ಮೊಮ್ಮೆ ‘ಇಸು’ ಬಳಸುತ್ತಿದ್ದರು, ನಮ್ಮ ಮೇಲೆ.) ಮುಳವಾಡದ ಅಜ್ಜ ತಾನೇ ಬಂದು ಕೂತ. ಅವ್ವನನ್ನು ರೊಟ್ಟಿಯ ಬುಟ್ಟಿಯ ಹತ್ತಿರ ಕರೆತಂದು, ಬೇರೇನೂ ಹೇಳದೆ ಪಕ್ಕದಲ್ಲಿ ನಿಂತರು.

ಅವ್ವ ನಮ್ಮನ್ನು ನೋಡಿದಳು. ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ವರ್ಷದಿಂದ ಬಟ್ಟೆಯ ನಿರಿಗೆ ಹಿಡಿಯಲು ಬಾರದ ಕೈ ಬುಟ್ಟಿಗೆ ಹೋಗಿ ಎರಡು ರೊಟ್ಟಿ ಎತ್ತಿಕೊಂಡಿತು. “ಹಚ್ಕೊಳ್ಳಾಕ ಏನೈತಿ?” ಎಂದು ಕೇಳಿದಳು. ಬದನೆಕಾಯಿ ಪಲ್ಯ ಇತ್ತು. ಬಡಿಸುತ್ತಾ ನನ್ನ ಮುಂದೆ ಬಂದು ಬಾಗಿ, “ಇನ್ನೊಂದ್ ರೊಟ್ಟಿ ಹಾಕ್ಲೇನ್ರಿ? ನಾಚಬ್ಯಾಡ್ರಿ,” ಎಂದಳು. ನಾನು ತಲೆ ತಗ್ಗಿಸಿ ತಾಟು ಮುಂದೆ ಮಾಡಿದೆ. ಕಾಶಿಬಾಯಿ ಅಳುತ್ತಾ ನಾಲ್ಕು ರೊಟ್ಟಿ ತಿಂದಳು.

ಎಲ್ಲರದೂ ಆಯಿತು. ಅಕ್ಕೋರು ಒಬ್ಬರೇ ತಿಂದಿರಲಿಲ್ಲ. ಬೆಳಿಗ್ಗೆ ಇಂಡಿಯಿಂದ ಖಾಲಿ ಹೊಟ್ಟೆಯಲ್ಲಿ ಬಂದವರು. “ಮಂದೀದೆಲ್ಲಾ ಆತ್ರಿ. ನಾವಿಬ್ಬರ ಉಳದೇವಿ,” ಎಂದರು ಅವ್ವನಿಗೆ. “ಉಣ್ಣೂಣೇನ್ರಿ?” ಅವರ ಮನೆಯ ಮಾತಿನಲ್ಲಿ ‘ಊಟಾ ಮಾಡೋಣ’. ಆ ‘ಉಣ್ಣೂಣು’ ಅವರು ನಮ್ಮಿಂದ ಕಲಿತದ್ದು. ಅವ್ವ ಕೂತಳು. ರೊಟ್ಟಿ ಮುರಿದಳು. ಉಂಡಳು.

ಮೂರನೆಯ ದಿನ ನಾನೂ ಕೊನೆಗೆ ಉಳಿದೆ. ಅಕ್ಕೋರು ನಡುವೆ, ಅವರ ಒಂದು ಬದಿಗೆ ಅವ್ವ, ಇನ್ನೊಂದು ಬದಿಗೆ ನಾನು. ಅವ್ವ ಎರಡು ತುತ್ತು ತಿಂದು ನಿಲ್ಲಿಸಿ ಬಾಗಿಲ ಕಡೆ ನೋಡಿದಳು. ನನ್ನತ್ತ ಬಾಗಿ ಗುಟ್ಟು ಹೇಳುವವಳ ಹಾಗೆ, “ನನಗ ಒಬ್ಬಾಕಿ ಮಗಳದಾಳ್ರಿ. ಬಾಗೇವಾಡ್ಯಾಗ ಕಾಲೇಜ ಕಲಿಯಾಕತ್ತಾಳ. ಸಿಟ್ಟಿನಾಕಿ, ಆದ್ರ ಭಾಳ ಶ್ಯಾಣ್ಯಾಕಿ. ಆಕಿದು ಊಟಾತೋ ಇಲ್ಲೋ,” ಎಂದಳು.

‘ನಾನ ಆ ಮಗಳು’ ಎನ್ನುವುದು ನಾಲಗೆಯ ತುದಿಗೆ ಬಂದಿತ್ತು. ಅಕ್ಕೋರು ನನ್ನ ಮೊಣಕಾಲ ಮೇಲೆ ಕೈಯಿಟ್ಟರು, ಅಷ್ಟೇ.

“ಆಗೇತ್ರಿ ಅವ್ವಾರ,” ಎಂದೆ. “ಆಕಿ ಹೊಟ್ಟಿತುಂಬ ಉಂಡಾಳ.”

“ಹಂಗಾರ ಛಲೋ ಆತು,” ಎಂದು ಅವ್ವ ಮುಂದಿನ ತುತ್ತು ಎತ್ತಿದಳು.

ಅವಳು ಬಿಜಾಪುರಕ್ಕೆ ಹೋಗಲಿಲ್ಲ. ಗೋಡೆಯ ಮೇಲಿನ ನೇಮವನ್ನು ಸಾವ್ಕಾರ್ರು ಅಳಿಸಲಿಲ್ಲ, ಆದರೆ ಊಟದ ಹೊತ್ತಿಗೆ ಆ ಕಡೆ ಬರುವುದನ್ನು ಬಿಟ್ಟರು. ಅವ್ವ ಆಮೇಲೆ ಎರಡು ವರ್ಷ ಬದುಕಿದಳು. ನಾನು ಯಾರೆಂದು ಅವಳು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ದಿನಾ ಮಧ್ಯಾಹ್ನ ಅವಳ ಮಗಳು ಉಂಡಳೆಂದು ಅವಳಿಗೆ ತಿಳಿಸುವುದು ನನ್ನ ಕೆಲಸವಾಗಿತ್ತು. ಅದಕ್ಕಿಂತ ದೊಡ್ಡ ನೌಕರಿ ನನಗೆ ಮತ್ತೆ ಸಿಕ್ಕಿಲ್ಲ.

ಅವ್ವ ಹೋದ ಮೇಲೆ ನನಗೆ ನಿಡಗುಂದಿಯ ಶಾಲೆಯಲ್ಲಿ ಕೆಲಸವಾಯಿತು. ಅಕ್ಕೋರಿಗೆ ಮೊಣಕಾಲು ಹಿಡಿದು ಬಸ್ಸು ಹತ್ತಲಾಗದೆ ಸಿಂದಗಿಗೆ ಬರುವುದು ನಿಂತಿತು. ವರ್ಷಕ್ಕೆ ಒಂದೆರಡು ಸಲ ಫೋನು. “ಒಂದಿನ ಬಾರವಾ,” ಎನ್ನುವರು. “ಬರ್ತೇನ್ರಿ,” ಎನ್ನುವೆ. ಪರೀಕ್ಷೆ ಮುಗಿಯಲಿ, ದಸರಾ ರಜೆ ಬರಲಿ, ಮಳೆ ನಿಲ್ಲಲಿ. ನಿಡಗುಂದಿಯಿಂದ ಇಂಡಿ ಎಷ್ಟು ದೂರ? ಎರಡು ಬಸ್ಸು. ನಾನು ಹೋಗಲಿಲ್ಲ. ಇದನ್ನು ಸುತ್ತಿ ಬಳಸಿ ಹೇಳಿ ಪ್ರಯೋಜನವಿಲ್ಲ, ನನಗೆ ಅವರು ಬೇಕಾಗಿದ್ದಾರೆ. ಶಾಲೆಯಲ್ಲಿ ಬಿಸಿಯೂಟದ ಹೊತ್ತಿಗೆ ಯಾವ ಮಗುವಾದರೂ ಒಂಟಿಯಾಗಿ ತಾಟು ಹಿಡಿದು ನಿಂತರೆ ಅವರನ್ನು ಕೇಳಬೇಕೆನಿಸುತ್ತದೆ, ಬೈಸಿಕೊಳ್ಳಬೇಕೆನಿಸುತ್ತದೆ. ಡ್ರೈವರನಿಗೆ ಅವರು ಬೈಯುವುದನ್ನು ಗೇಟಿನಲ್ಲಿ ನಿಂತು ಇನ್ನೊಮ್ಮೆ ಕೇಳಿದರೂ ಸಾಕಿತ್ತು.

ಸುದ್ದಿ ಬಂದ ಮುಂದಿನ ಭಾನುವಾರ ಇಂಡಿಗೆ ಹೋದೆ. ಹಳೆಯ ದೊಡ್ಡ ಮನೆ, ಒಳಗೆ ನೆಂಟರ ಗದ್ದಲ ಇಳಿದಿತ್ತು. ಅಕ್ಕೋರ ಮಗಳು ಹೆಚ್ಚುಕಡಿಮೆ ನನ್ನ ವಯಸ್ಸಿನವಳು, ಅವರಷ್ಟೇ ಕುಳ್ಳಿ. ಪರಿಚಯ ಹೇಳುತ್ತಿದ್ದಂತೆ, “ತಂಗಡಗಿ ಅವ್ವನ ಮಗಳು ನೀವ ಏನ್ರಿ?” ಎಂದು ಕೈ ಹಿಡಿದಳು. ಚಹಾ ಕೊಟ್ಟಳು. ನಾನು ಅಳುತ್ತಾ, ಅವಳ ತಾಯಿ ನಮ್ಮನ್ನು ಚಾಪೆಯ ಮೇಲೆ ಕೂಡಿಸಿ ತಾವೂ ಕೂತು ಉಂಡದ್ದನ್ನು ಹೇಳಿದೆ. ತಾಯಿಯನ್ನು ಮರಾಠಿಯಲ್ಲಿ ಆಯಿ ಎಂದೇ ಕರೆಯುತ್ತಿದ್ದ ಅವಳು ಕಪ್ಪು ಕೆಳಗಿಟ್ಟಳು.

“ಆಯಿ ನಿಮ್ಮ ಜೋಡಿ ಕೂತು ಊಟಾ ಮಾಡಿದ್ಲಾ?” ಎಂದಳು. “ಎಲ್ಲಾರ ನಡುವ?”

“ಹೌದ್ರಿ. ಬಂದಾಗೆಲ್ಲಾ.”

“ನಾ ನೋಡಿಲ್ರಿ,” ಎಂದಳು. “ನಮ್ಮ ಅಜ್ಜೀದು ಭಾಳ ಮಡಿ. ದವಾಖಾನ್ಯಾಗ ಕಂಡಕಂಡವರನ್ನ ಮುಟ್ಟಿ ಬರ್ತಾಳ ಅಂತ ಆಯೀನ್ನ ಒಳಗ ಕೂಡಗೊಡ್ತಿರಲಿಲ್ಲ. ಸ್ನಾನಾ ಮಾಡಿದ್ರೂ ಅಷ್ಟ. ಆಕಿ ಪಗಾರ ನಡೀತಿತ್ತು, ಆಕಿ ತಾಟು ನಡೀತಿರಲಿಲ್ಲ. ಎಲ್ಲಾರದೂ ಆದಮ್ಯಾಲೆ ಹಿತ್ತಲ ಕಟ್ಟೀಮ್ಯಾಲೆ ಒಬ್ಬಾಕೀಗೆ ಬಡಸ್ತಿದ್ರು. ಹುಡುಗರು ಆ ಕಡೆ ಹೋಗಬಾರದು ಅಂತಿತ್ತು. ಅಜ್ಜಿ ಹೋಗಿ ಇಪ್ಪತ್ತು ವರ್ಷ ಆತು. ‘ಒಳಗ ಬಾ ಆಯಿ’ ಅಂದ್ರ, ‘ಇರ್ಲಿ ಬಿಡು, ರೂಢಿ ಆಗ್ಯದ’ ಅಂತಿದ್ಲು. ಕಡೀತನಕಾ ಅಲ್ಲೇ.”

ಹಿತ್ತಲ ಬಾಗಿಲು ತೆರೆದಿತ್ತು. ಕಟ್ಟೆಯ ಕಲ್ಲು ಒಂದೇ ಕಡೆ ನುಣುಪಾಗಿತ್ತು. ನಾನು ಆ ಕಡೆ ಹೆಚ್ಚು ಹೊತ್ತು ನೋಡಲಾರದೆ ಹೋದೆ.

“ನೀವು ನೋಡೀರಲ್ಲಾ,” ಎಂದಳು ಅವಳು. “ಹ್ಯಾಂಗ ಊಟಾ ಮಾಡ್ತಿದ್ಲು ಆಕಿ? ಹೇಳ್ರಿ.”

ಹೇಳಿದೆ. ರೊಟ್ಟಿಯ ಅಂಚನ್ನು ಮೊದಲು ಮುರಿದು ತಿಂದು, ನಡುವಿನ ಮೆತ್ತನೆಯದನ್ನು ಕಡೆಗೆ ಉಳಿಸಿಕೊಳ್ಳುತ್ತಿದ್ದರು. ಬಾಯಲ್ಲಿ ತುತ್ತಿದ್ದರೂ ಮಾತು ನಿಲ್ಲುತ್ತಿರಲಿಲ್ಲ. ಪಕ್ಕದವರ ತಾಟಿನಿಂದ ಶೇಂಗಾ ಚಟ್ನಿಯನ್ನು ಕೇಳದೆ ತೆಗೆದುಕೊಳ್ಳುತ್ತಿದ್ದರು. ಹಸಿ ಉಳ್ಳಾಗಡ್ಡಿಯನ್ನು ಮುಷ್ಟಿಯಿಂದ ಗುದ್ದಿ ಒಡೆದು ತಿನ್ನುತ್ತಿದ್ದರು.

“ಉಳ್ಳಾಗಡ್ಡೀ? ನಮ್ಮನ್ಯಾಗ ಅದನ್ನ ತರೂದ ಇಲ್ರಿ,” ಎಂದು ಅವಳು ಬಾಯಿಗೆ ಕೈ ಇಟ್ಟುಕೊಂಡಳು. ನಕ್ಕಳು. ನಗುತ್ತಲೇ ಕಣ್ಣು ತುಂಬಿ ಬಂದವು. ಸೆರಗಿನಲ್ಲಿ ಮುಖ ಒರೆಸಿಕೊಂಡು, ಮೆಲ್ಲಗೆ ಕೇಳಿದಳು.

“ಬಾಜೂಕ ಯಾರು ಕೂಡ್ತಿದ್ರು ಆಕೀಗೆ?”

“ಒಂದ್ ಬಾಜೂಕ ನಮ್ಮವ್ವರಿ.”

“ಇನ್ನೊಂದ್ ಬಾಜೂಕ?”

ಸುಳ್ಳು ಹೇಳಬೇಕೆನಿಸಿತು. ಕಾಶಿಬಾಯಿಯ ಹೆಸರೋ, ಮತ್ತೊಬ್ಬರ ಹೆಸರೋ. ಆದರೆ ಅವಳ ಕಣ್ಣು ಅವರದೇ ಕಣ್ಣು, ನನ್ನ ಕಣ್ಣಿಗೆ ಸರಿಸಮನಾಗಿ ನಿಂತಿತ್ತು.

“ಅಲ್ಲಿ ನಾ ಕೂಡ್ತಿದ್ದೆರಿ,” ಎಂದೆ.

ಅವಳು ತಲೆಯಾಡಿಸಿದಳು. “ಛಲೋ ಆತು ಬಿಡ್ರಿ,” ಎಂದಳು. “ಅಲ್ಲೆರ ಆಕಿ ಒಬ್ಬಾಕೀನ ಕೂತು ಊಟಾ ಮಾಡ್ಲಿಲ್ಲಲ್ಲಾ.”